ಆಸ್ತಿ, ಉಯಿಲು, ಮನೆಯವರ ಜೊತೆ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಅದರಲ್ಲಿ ಹನ್ನೊಂದು ವರ್ಷ, ತೀರಿಕೊಂಡವರ ಖಾತೆಗಳ ಕ್ಲೇಮು ನೋಡುವ ಟೇಬಲ್ ನನ್ನದಾಗಿತ್ತು. ಅಲ್ಲಿ ಎದುರಿನ ಕುರ್ಚಿಯಲ್ಲಿ ಕೂತವರು ಕೇಳಿದ ಪ್ರಶ್ನೆಗಳು, ಈಗ ನೆಂಟರು, ಅಕ್ಕಪಕ್ಕದವರು ಮನೆಗೆ ಬಂದು ಕೇಳುವ ಪ್ರಶ್ನೆಗಳು ಇಲ್ಲಿವೆ. ನಾನು ವಕೀಲಳಲ್ಲ. ಕಾಗದಪತ್ರ ಹಿಡಿದು ನೀವು ಒಬ್ಬ ವಕೀಲರ ಹತ್ತಿರ ಹೋಗಲೇಬೇಕು. ಆದರೆ ಅದಕ್ಕೂ ಮೊದಲು ಮನೆಯಲ್ಲಿ ಆಗಬೇಕಾದ ಒಂದು ಮಾತಿದೆ. ಅದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಬದುಕಿರುವಾಗಲೇ ಸಾವಿನ ಮಾತು ಯಾಕೆ? ಅಪಶಕುನ ಅಲ್ವಾ?

"ಬಿಡ್ತು ಅನ್ನು" ಅಂತ ನನ್ನ ಅಮ್ಮನೂ ಹೇಳುತ್ತಿದ್ದರು. ಈ ಅಳುಕು ಎಲ್ಲರ ಮನೆಯಲ್ಲೂ ಇದೆ. ಆದರೂ ನಾನು ಮಾತಾಡಿ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಒಮ್ಮೆ ಒಬ್ಬ ಹೆಂಗಸು ಬಂದರು. ಗಂಡ ಹೋಗಿ ಇಪ್ಪತ್ತು ದಿನವಾಗಿತ್ತು. ಮನೆಯಲ್ಲಿ ಸಿಕ್ಕ ಕಾಗದವನ್ನೆಲ್ಲ ಜವಳಿ ಅಂಗಡಿಯ ಕವರಿನಲ್ಲಿ ತುಂಬಿಕೊಂಡು ಬಂದಿದ್ದರು. ಟೇಬಲ್ ಮೇಲೆ ಸುರಿದರು. ಕರೆಂಟ್ ಬಿಲ್ಲು, ಎಲ್‌ಐಸಿ ರಸೀದಿ, ಮೂರು ಬ್ಯಾಂಕಿನ ಪಾಸ್‌ಬುಕ್ಕು, ಒಂದು ಹಳೆಯ ಪಂಚಾಂಗ. ಪಂಚಾಂಗದ ಹಾಳೆಗಳ ನಡುವೆ ಒಂದು ಎಫ್‌ಡಿ ರಸೀದಿ ಇತ್ತು. ಅವಧಿ ಮುಗಿದು ಆರು ವರ್ಷವಾಗಿತ್ತು. "ಯಾವುದು ಬೇಕು, ಯಾವುದು ಬೇಡ, ನೀವೇ ನೋಡಿ ಮೇಡಂ. ಅವರು ನಂಗೇನೂ ಹೇಳಿರಲಿಲ್ಲ" ಅಂದರು. ಅಳುತ್ತಿರಲಿಲ್ಲ. ಖಾಲಿಯಾದ ಆ ಕವರನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದರು.

ಗಂಡ ಕೆಟ್ಟವರಾಗಿರಲಿಲ್ಲ. ಹೆಂಡತಿಗೆ ತಲೆನೋವು ಯಾಕೆ ಅಂತ ಹೇಳಿರಲಿಲ್ಲ, ಅಷ್ಟೇ. ಆ ತಲೆನೋವೆಲ್ಲ ಒಟ್ಟಾಗಿ ಆಕೆಯ ಪಾಲಿಗೆ ಬಂದಿತ್ತು. ಅದೂ ಊಟ ಸೇರದ ದಿನಗಳಲ್ಲಿ.

ಉಯಿಲು ಬರೆಯದೇ ಇದ್ದರೆ ಏನಾಗುತ್ತದೆ? ಹೇಗಿದ್ದರೂ ಹೆಂಡತಿ ಮಕ್ಕಳಿಗೇ ತಾನೇ ಹೋಗೋದು?

ಪೂರ್ತಿ ಹಾಗಲ್ಲ. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ತಾಯಿಗೂ ಪಾಲಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ ಮಕ್ಕಳು ಅವನ ಪಾಲಿಗೆ ಬರುತ್ತಾರೆ. ಕಾನೂನು ಪಾಲು ಎಷ್ಟು ಅಂತ ಹೇಳುತ್ತದೆ. ಮನೆ ಯಾರಿಗೆ, ತೋಟ ಯಾರಿಗೆ ಅಂತ ಹೇಳುವುದಿಲ್ಲ. ಇರುವ ಒಂದೇ ಮನೆಯಲ್ಲಿ ನಾಲ್ಕು ಜನಕ್ಕೆ ಕಾಲು ಕಾಲು ಪಾಲು ಬಂದರೆ, ಅದನ್ನು ಮಾರಬೇಕಾದರೂ ನಾಲ್ಕು ಸಹಿ ಬೇಕು.

ಹೆಂಗಸರ ಆಸ್ತಿಗೆ ಲೆಕ್ಕವೇ ಬೇರೆ. ಮೊದಲು ಮಕ್ಕಳು ಮತ್ತು ಗಂಡ. ಅವರು ಯಾರೂ ಇಲ್ಲದಿದ್ದರೆ ಗಂಡನ ಕಡೆಯ ವಾರಸುದಾರರು. ಅವರ ನಂತರವಷ್ಟೇ ಆಕೆಯ ತಂದೆತಾಯಿ. ಮಕ್ಕಳಿಲ್ಲದ ವಿಧವೆಯೊಬ್ಬಳು ಕೆಲಸ ಮಾಡಿ ಕೂಡಿಟ್ಟ ದುಡ್ಡು, ಅವಳನ್ನು ನೋಡಿಕೊಂಡ ತವರಿನವರನ್ನು ಬಿಟ್ಟು ಎಂದೂ ಮಾತಾಡಿಸದ ಮೈದುನನಿಗೆ ಹೋಗಬಹುದು. ತಂದೆತಾಯಿಯಿಂದ ವಾರಸಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ ತಂದೆಯ ಕಡೆಗೆ ವಾಪಸು ಹೋಗುತ್ತದೆ. ಸಂಬಳ, ಸೈಟು, ಒಡವೆ ಇರುವ ಪ್ರತಿ ಹೆಣ್ಣುಮಗಳಿಗೂ ನಾನು ಹೇಳುವುದು ಇದೇ: ನಿಮ್ಮ ಉಯಿಲು ನೀವು ಬರೆಯಿರಿ. ಗಂಡನ ಉಯಿಲು ಇದೆ, ಸಾಕು ಅಂತ ಬಿಡಬೇಡಿ.

ಯಾವ ಆಸ್ತಿಯ ಬಗ್ಗೆ ನಾನು ತೀರ್ಮಾನ ಮಾಡಬಹುದು?

ನಿಮ್ಮ ದುಡಿಮೆಯಲ್ಲಿ ಮಾಡಿದ್ದು, ಅಂದರೆ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಎಷ್ಟು ಬರುತ್ತದೋ ಅಷ್ಟಕ್ಕೆ ಮಾತ್ರ ನಿಮ್ಮ ಉಯಿಲು ನಡೆಯುತ್ತದೆ.

ಹಳ್ಳಿ ಕಡೆ ತೊಡಕು ಇನ್ನೊಂದಿದೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಬದುವಿಗೆ ಕಲ್ಲು ನೆಟ್ಟು, ನಲವತ್ತು ವರ್ಷದಿಂದ ಉಳುತ್ತಿರುತ್ತಾರೆ. ದಾಖಲೆಯಲ್ಲಿ ಮಾತ್ರ ಏನೂ ಆಗಿರುವುದಿಲ್ಲ. ಇಂಥ ಜಮೀನನ್ನು ಉಯಿಲಿನಲ್ಲಿ ಬರೆದು ಮಗನಿಗೆ ಕೊಟ್ಟರೆ, ಜಗಳವನ್ನೂ ಸೇರಿಸಿ ಕೊಟ್ಟ ಹಾಗೆ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಿನಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ದಾಯಾದಿಗಳ ಜೊತೆ ಕೂತು ವಿಭಾಗ ಪತ್ರ ನೋಂದಣಿ ಮಾಡಿಸಿ. ನಿಮ್ಮ ತಲೆಮಾರಿನವರಿಗೆ ಯಾವ ಬದು ಎಲ್ಲಿ ಅಂತ ಗೊತ್ತು. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳಿಗೆ ಸರ್ವೆ ನಂಬರೂ ಗೊತ್ತಿರುವುದಿಲ್ಲ.

ಮಾತು ಮೊದಲು ಯಾರ ಜೊತೆ?

ಹೆಂಡತಿ ಅಥವಾ ಗಂಡನ ಜೊತೆ. ಇಬ್ಬರೇ ಕೂತು, ಎರಡು ಮೂರು ಸಲ. ನಿಮ್ಮಿಬ್ಬರ ನಡುವೆ ಒಮ್ಮತ ಇಲ್ಲದೆ ಮಕ್ಕಳ ಎದುರು ಕೂತರೆ ಮಕ್ಕಳು ಅಲ್ಲೇ ಎರಡು ಪಕ್ಷ ಆಗುತ್ತಾರೆ.

ಆಮೇಲೆ ಮಕ್ಕಳು, ಎಲ್ಲರೂ ಒಟ್ಟಿಗೆ. ಇದೊಂದರಲ್ಲಿ ನಾನು ಬಿಗಿ. ಹಿರಿಯ ಮಗನಿಗೆ ಗುಟ್ಟಾಗಿ ಹೇಳಿ, ಕಿರಿಯವನಿಗೆ ಫೋನಿನಲ್ಲಿ ಹೇಳಿ, ಮಗಳಿಗೆ ಹೇಳದೇ ಇದ್ದರೆ, ನೀವು ಹೋದ ಮೇಲೆ ಒಬ್ಬೊಬ್ಬರ ಬಾಯಲ್ಲೂ "ಅಪ್ಪ ನಂಗೆ ಹೀಗೆ ಹೇಳಿದ್ರು" ಅಂತ ಒಂದೊಂದು ಕಥೆ ಇರುತ್ತದೆ. ಆಗ ಯಾವುದು ನಿಜ ಅಂತ ಹೇಳಲು ನೀವು ಇರುವುದಿಲ್ಲ.

ಸೊಸೆ, ಅಳಿಯ ಇರಬೇಕಾ ಅಂತ ಕೇಳುತ್ತಾರೆ. ಮೊದಲ ದಿನ ಮಕ್ಕಳು ಮಾತ್ರ ಇರಲಿ. ಆದರೆ ನಿಮಗೆ ಮಾತ್ರೆ ಕೊಡುವವಳು, ಬಿಸಿನೀರು ಕಾಯಿಸಿ ಕೊಡುವವಳು ಸೊಸೆಯಾಗಿದ್ದರೆ ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಹಾಲಿನಲ್ಲಿ ಮಾತಾಡಬೇಡಿ. ಅವಳಿಗೂ ಒಂದು ಕುರ್ಚಿ ಹಾಕಿ.

ಯಾವ ದಿನ ಒಳ್ಳೆಯದು?

ಯಾರಾದರೂ ಆಸ್ಪತ್ರೆಯಲ್ಲಿರುವ ದಿನ ಬೇಡ. ಮದುವೆ ಮನೆಯ ಗಲಾಟೆಯಲ್ಲಿ ಬೇಡ. ವೈಕುಂಠ ಸಮಾರಾಧನೆಯ ಎಲೆ ಎತ್ತಿದ ಮೇಲಂತೂ ಬೇಡವೇ ಬೇಡ.

ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಗಣಪತಿ ಬಿಟ್ಟ ಮಾರನೆಯ ದಿನ ಮನೆ ಖಾಲಿ ಖಾಲಿ ಅನಿಸುತ್ತದೆ, ಉಳಿದ ಕಡುಬು ತಿನ್ನುತ್ತಾ ಎಲ್ಲರೂ ಸುಮ್ನೆ ಕೂತಿರುತ್ತಾರೆ. ನನ್ನ ಯಜಮಾನರು ಆ ಮಧ್ಯಾಹ್ನವನ್ನೇ ಆರಿಸಿಕೊಂಡರು. ನಿಮ್ಮ ಮನೆಗೆ ಅದು ಜಾತ್ರೆಯ ಮಾರನೆಯ ದಿನ ಇರಬಹುದು, ಕ್ರಿಸ್‌ಮಸ್ ರಜೆ ಇರಬಹುದು. ಎಲ್ಲರೂ ಸೇರಿರಬೇಕು, ಯಾರಿಗೂ ಬಸ್ಸಿಗೆ ಹೊತ್ತಾಗಿರಬಾರದು.

ಮೊದಲ ಮಾತು ಹೇಗೆ ಆಡಲಿ? ಬಾಯೇ ಬರಲ್ಲ.

ಆಸ್ತಿಯಿಂದ ಶುರು ಮಾಡಬೇಡಿ, ಕಾಗದದಿಂದ ಶುರು ಮಾಡಿ. "ನಂಗೆ ಏನಾದ್ರೂ ಆದ್ರೆ ನಿಮ್ಮಮ್ಮ ಒದ್ದಾಡಬಾರದು. ಯಾವ ಕಾಗದ ಎಲ್ಲಿದೆ ಅಂತ ಇವತ್ತು ತೋರಿಸ್ತೀನಿ, ಬನ್ನಿ." ಇಷ್ಟು ಸಾಕು. ಬೀರು ಬಾಗಿಲು ತೆಗೆಯಿರಿ. ಫೈಲು ಕೈಗೆ ಕೊಡಿ. ಸೈಟು ತೆಗೆದುಕೊಂಡಾಗ ಸಾಲ ತೀರಿಸಿದ ಕಥೆ ತಾನಾಗಿ ಬರುತ್ತದೆ, ಅಮ್ಮನ ಬಳೆ ಅಡವಿಟ್ಟ ಕಥೆ ಬರುತ್ತದೆ. ಅಲ್ಲಿಂದ "ಇದನ್ನ ಮುಂದೆ ಹೀಗೆ ಮಾಡೋಣ ಅಂತಿದ್ದೀನಿ" ಅನ್ನುವುದು ಒಂದೇ ಹೆಜ್ಜೆ.

ಅವತ್ತೇ ಎಲ್ಲ ಮುಗಿಯಬೇಕು ಅಂತಿಲ್ಲ. ಯಾರಾದರೂ ಎದ್ದು ಹೋದರೆ ಹೋಗಲಿ ಬಿಡಿ. ಮಕ್ಕಳಿಗೂ ಅಪ್ಪ ಅಮ್ಮ ಇರುವುದಿಲ್ಲ ಅನ್ನುವ ಮಾತು ಕೇಳಲು ಕಷ್ಟ.

ಎಷ್ಟು ಹೇಳಬೇಕು? ಬ್ಯಾಂಕಿನಲ್ಲಿರುವ ದುಡ್ಡಿನ ಲೆಕ್ಕವೂ ಹೇಳಬೇಕಾ?

ಹಣದ ಮೊತ್ತ ಹೇಳಲೇಬೇಕಿಲ್ಲ. ಏನೇನು ಇದೆ, ಎಲ್ಲಿದೆ, ಸಾಲ ಎಷ್ಟಿದೆ, ಉಯಿಲು ಇದೆಯೋ ಇಲ್ಲವೋ, ಅದನ್ನು ಜಾರಿ ಮಾಡುವ ಹೊಣೆ ಯಾರದು, ಇಷ್ಟು ಗೊತ್ತಿರಬೇಕು. ಸಾಲ ಮುಚ್ಚಿಡಬೇಡಿ. ಗೆಳೆಯನ ಸಾಲಕ್ಕೆ ಜಾಮೀನು ನಿಂತಿದ್ದರೂ ಹೇಳಿ. ಜಾಮೀನಿನ ನೋಟಿಸು ಮನೆಗೆ ಬಂದಾಗಲೇ ವಿಷಯ ಗೊತ್ತಾದ ಮಕ್ಕಳನ್ನು ನಾನು ಕಂಡಿದ್ದೇನೆ.

ಉಯಿಲಿನ ಒಳಗೆ ಏನಿದೆ ಅಂತ ಓದಿ ತೋರಿಸುವುದು ಬಿಡುವುದು ನಿಮ್ಮಿಷ್ಟ. ಈಗಲೇ ಹೇಳಿದರೆ ಮನೆಯಲ್ಲಿ ಇರಲು ಕಷ್ಟವಾಗುತ್ತದೆ ಅನ್ನುವ ಹಿರಿಯರಿದ್ದಾರೆ. ಅವರ ಭಯ ಸುಳ್ಳಲ್ಲ. ಅಂಥವರು ಉಯಿಲನ್ನು ಲಕೋಟೆಯಲ್ಲಿ ಹಾಕಿ ಸೀಲು ಮಾಡಿ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಇಡಬಹುದು. 1908ರ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಅಲ್ಲಿ ಇಟ್ಟಿದ್ದೇನೆ ಅಂತ ಒಬ್ಬರಿಗಾದರೂ ಹೇಳಿರಿ.

ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ. ಅವರನ್ನೂ ಕೂರಿಸಬೇಕಾ?

ಕೂರಿಸಲೇಬೇಕು. ಮದುವೆಗೆ ಖರ್ಚು ಮಾಡಿದ್ದು, ಒಡವೆ ಹಾಕಿದ್ದು ಆಸ್ತಿಯ ಪಾಲಿಗೆ ಸಮ ಅಲ್ಲ.

ಮೊದಲು ಕಾನೂನು. ಕರ್ನಾಟಕದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಬಂದು, ಆಗ ಮದುವೆಯಾಗದೇ ಇದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಸಿಕ್ಕಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ, ಮದುವೆ ಆಗಿರಲಿ ಬಿಡಲಿ, ಮಗಳು ಮಗನಷ್ಟೇ ಹಕ್ಕುದಾರಳು. ಆ ದಿನ ತಂದೆ ಬದುಕಿರಲೇಬೇಕಾ ಅನ್ನುವ ಗೊಂದಲ ಬಹಳ ವರ್ಷ ಇತ್ತು. ಬದುಕಿರಬೇಕಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಸರಿಯಾಗಿ ಆದ ವಿಭಾಗ, ಮಾರಾಟಗಳನ್ನು ಈ ಕಾನೂನು ಮುಟ್ಟುವುದಿಲ್ಲ. ಬಾಯಿಮಾತಿನ ಪಾಲು ಆಗಿತ್ತು ಅಂತ ಈಗ ಹೇಳಿದರೆ, ಗಟ್ಟಿ ದಾಖಲೆ ಇಲ್ಲದೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇನ್ನು ಮನೆಯ ಮಾತು. ನನ್ನ ಸೋದರತ್ತೆಯನ್ನು ನಾನು ಮರೆಯುವುದಿಲ್ಲ. ನಮ್ಮ ತಾತ ತೀರಿಕೊಂಡ ಹದಿಮೂರನೆಯ ದಿನ, ಊಟ ಮುಗಿದ ಮೇಲೆ ಅವರ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟರು. ಪಕ್ಕದಲ್ಲೊಂದು ತಟ್ಟೆ, ಅದರಲ್ಲಿ ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ. ಅತ್ತೆ ಏನೂ ಕೇಳಲಿಲ್ಲ. ಸಹಿ ಹಾಕುವಾಗ ಪೆನ್ನು ಬರಲಿಲ್ಲ. ಅಂಗೈ ಮೇಲೆ ಗೀಚಿ ನೋಡಿ, ಮತ್ತೆ ಹಾಕಿದರು. ಎಷ್ಟೋ ವರ್ಷವಾದ ಮೇಲೆ ನಾನು ಕೇಳಿದೆ, ಯಾಕೆ ಹಾಕಿದಿರಿ ಅಂತ. "ಕೇಳಿದ್ರೆ ತವರಿನ ಬಾಗಿಲು ಮುಚ್ಚುತ್ತಲ್ಲೇ" ಅಂದರು. ಆ ಸೀರೆಯನ್ನು ಅವರು ಒಂದು ದಿನವೂ ಉಡಲಿಲ್ಲ.

ಅವತ್ತು ನಮ್ಮ ಮನೆಯವರು ಮಾಡಿದ್ದು ತಪ್ಪು. ಆಸ್ತಿ ಕೊಡಲಿಲ್ಲ ಅನ್ನುವುದು ಒಂದು ತಪ್ಪು. ತಾತ ಬದುಕಿದ್ದಾಗ ಯಾರೂ ಅತ್ತೆಯನ್ನು ಕೂರಿಸಿ "ನಿಂಗೇನನಿಸುತ್ತಮ್ಮಾ" ಅಂತ ಕೇಳಲಿಲ್ಲ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಕೇಳಿದ್ದರೆ ಬಹುಶಃ ಅವರೇ ಬೇಡ ಅನ್ನುತ್ತಿದ್ದರು. ಅಥವಾ ತಾವು ಚಿಕ್ಕಂದಿನಲ್ಲಿ ನೀರು ಹಾಕಿ ಬೆಳೆಸಿದ ನಾಲ್ಕು ತೆಂಗಿನ ಮರ ಇರುವ ತುಂಡು ಜಾಗ ಕೇಳುತ್ತಿದ್ದರು. ಮನಸ್ಸಿನಿಂದ ಬಿಟ್ಟುಕೊಡುವುದೇ ಬೇರೆ, ಬಾಯಿ ಕಟ್ಟಿ ಸಹಿ ಹಾಕಿಸಿಕೊಳ್ಳುವುದೇ ಬೇರೆ.

ಮಗಳಿಗೆ ಪಾಲು ಬೇಡದಿದ್ದರೆ ಅದನ್ನು ಅವಳು ಹೇಳಲಿ. ಅವಳ ಪರವಾಗಿ ನೀವು ಹೇಳಬೇಡಿ.

ಎಲ್ಲರಿಗೂ ಸಮವಾಗಿ ಕೊಡಲು ಮನಸ್ಸಿಲ್ಲ. ನಮ್ಮನ್ನು ನೋಡಿಕೊಂಡವನಿಗೆ ಜಾಸ್ತಿ ಕೊಡಬೇಕು ಅಂತಿದ್ದೇವೆ. ತಪ್ಪಾ?

ತಪ್ಪಲ್ಲ. ಸ್ವಯಾರ್ಜಿತವಾದರೆ ಕಾನೂನೂ ಅಡ್ಡ ಬರುವುದಿಲ್ಲ. ಆದರೆ ಕಾರಣ ಹೇಳದೆ ಕೊಡಬೇಡಿ.

ಜಾಸ್ತಿ ಸಿಕ್ಕವನಿಗೆ ಯಾಕೆ ಅಂತ ಗೊತ್ತಿರುತ್ತದೆ. ಕಡಿಮೆ ಸಿಕ್ಕವನಿಗೆ ಗೊತ್ತಿರುವುದಿಲ್ಲ. ಅವನಿಗೆ ಅದು ಅಪ್ಪ ಅಮ್ಮ ತನ್ನ ಮೇಲೆ ಇಟ್ಟಿದ್ದ ಪ್ರೀತಿಯ ಅಳತೆಯಾಗಿ ಕಾಣುತ್ತದೆ. ಆ ನೋವು ಕೋರ್ಟಿಗೆ ಹೋಗುತ್ತದೆ. "ನಿನ್ನ ಓದಿಗೆ ಆಗ ಹೊಲ ಮಾರಿದ್ವಿ, ಅದು ನಿನ್ನ ಪಾಲಿಗೆ ಸಂದ ಹಾಗೆ. ನಿನ್ನ ತಮ್ಮ ಊರಲ್ಲೇ ಉಳಿದ, ಅಮ್ಮನಿಗೆ ಕಾಲು ಮುರಿದಾಗ ಎಂಟು ತಿಂಗಳು ಎತ್ತಿ ಕೂರಿಸಿದ. ಮನೆ ಅವನಿಗಿರಲಿ ಅಂತ ನಮ್ಮ ಆಸೆ. ನೀನೇನಂತೀಯಾ?" ಹೀಗೆ ಬಾಯಿಬಿಟ್ಟು ಹೇಳಿ. ಕೊನೆಯ ಆ ಪ್ರಶ್ನೆ ಬಿಡಬೇಡಿ. ಉತ್ತರ ಕೇಳಿ ನಿಮ್ಮ ಮನಸ್ಸು ಬದಲಾದರೂ ಆಗಬಹುದು.

ಇದೇ ಕಾರಣವನ್ನು ಉಯಿಲಿನಲ್ಲೂ ಎರಡು ಸಾಲಿನಲ್ಲಿ ಬರೆಸಿ. ಯಾರನ್ನಾದರೂ ಪೂರ್ತಿ ಬಿಟ್ಟಿದ್ದರೆ ಹೆಸರು ಹೇಳಿ, ಯಾಕೆ ಅಂತ ಬರೆಸಿ. ಬೈಗುಳ ಬೇಡ. ಸತ್ತವರ ಬೈಗುಳಕ್ಕೆ ಮಕ್ಕಳು ಉತ್ತರ ಕೊಡಲಾರರು.

ಎಲ್ಲದಕ್ಕೂ ನಾಮಿನಿ ಹಾಕಿದ್ದೇನೆ. ಇನ್ನು ಉಯಿಲು ಯಾಕೆ?

ನನ್ನ ಟೇಬಲ್ಲಿಗೆ ಬಂದ ಜಗಳಗಳಲ್ಲಿ ಅರ್ಧ ಇದರದ್ದೇ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಪಡೆಯುವ ಕೈ. ಆ ದುಡ್ಡು ಸೇರಬೇಕಾದ್ದು ಉಯಿಲಿನಲ್ಲಿ ಹೆಸರಿರುವವರಿಗೆ, ಉಯಿಲು ಇಲ್ಲದಿದ್ದರೆ ವಾರಸುದಾರರಿಗೆ. ವಿಮೆಯ ನಾಮಿನಿ ಬಗ್ಗೆ 1983ರಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿತ್ತು. ಷೇರುಗಳ ನಾಮಿನಿಯೂ ಮಾಲೀಕನಲ್ಲ ಅಂತ 2023ರ ಡಿಸೆಂಬರಿನಲ್ಲಿ ಹೇಳಿತು. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದಿರುವುದರಿಂದ ಪಾಲಿಸಿಗಳ ಬಗ್ಗೆ ವಕೀಲರನ್ನು ಬೇರೆಯಾಗಿ ಕೇಳಿ.

ಹಾಗಂತ ನಾಮಿನಿ ಹಾಕದೇ ಬಿಡಬೇಡಿ. ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ಒಂದು ವಿಷಯ ನೆನಪಿರಲಿ: ಮದುವೆಗೆ ಮೊದಲು ಪಿಎಫ್‌ಗೆ ಹಾಕಿದ್ದ ನಾಮಿನಿ ಮದುವೆಯಾದ ಮೇಲೆ ಊರ್ಜಿತ ಅಲ್ಲ, ಹೊಸದಾಗಿ ಹಾಕಬೇಕು. ತಂಗಿಯ ಹೆಸರು ಹಾಕಿ ಮರೆತವರು ಬಹಳ ಜನ.

ಮನೆಯವರ ಜೊತೆ ಮಾತಾಡುವಾಗ ನಾಮಿನಿ ಆದವರಿಗೂ ಹೇಳಿ: "ನಿನ್ನ ಹೆಸರು ಹಾಕಿದ್ದೀನಿ, ಆದ್ರೆ ಇದು ಮೂವರದ್ದು."

ಈಗಲೇ ಮನೆ ನನ್ನ ಹೆಸರಿಗೆ ಮಾಡಿಕೊಡಿ ಅಂತ ಮಗ ಕೇಳುತ್ತಿದ್ದಾನೆ. ಏನು ಮಾಡಲಿ?

ಅವಸರ ಮಾಡಬೇಡಿ. ಉಯಿಲು ನೀವು ಹೋದ ಮೇಲೆ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ನೋಂದಣಿಯಾದರೆ ಮನೆ ಅವತ್ತೇ ಮಗನದ್ದು.

ಕೊಡಲೇಬೇಕು ಅನಿಸಿದರೆ, ನಾವು ಇರುವವರೆಗೆ ಈ ಮನೆಯಲ್ಲಿ ವಾಸ, ಊಟ, ಔಷಧಿ ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದ ಒಳಗೇ ಬರೆಸಿ. ಬಾಯಿಮಾತು ಸಾಲದು. ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಷರತ್ತು ಮುರಿದರೆ ಅದರ 23ನೇ ಸೆಕ್ಷನ್ ಪ್ರಕಾರ ದಾನಪತ್ರ ರದ್ದು ಮಾಡಲು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಪತ್ರದಲ್ಲಿ ಷರತ್ತು ಇಲ್ಲದವರು ಅಲ್ಲಿ ಬಹಳ ಕಷ್ಟಪಡುತ್ತಾರೆ.

ಮಗನಿಗೆ ಹೀಗೆ ಹೇಳಬಹುದು: "ಮನೆ ನಿನಗೇ ಬರೆದಿದ್ದೀನಿ, ಉಯಿಲಿನಲ್ಲಿ ಇದೆ. ನಾವಿರೋವರೆಗೂ ನಮ್ಮ ಹೆಸರಲ್ಲೇ ಇರಲಿ." ನಿಮ್ಮ ಮೇಲೆ ಅಕ್ಕರೆ ಇರುವ ಮಗ ಇದಕ್ಕೆ ಒಪ್ಪುತ್ತಾನೆ.

ಉಯಿಲು ಬರೆಯುವ ಕ್ರಮ ಏನು?

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಕನ್ನಡದಲ್ಲೇ ಬರೆಯಬಹುದು. ನೀವು ಸಹಿ ಮಾಡಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಒಳಗೆ ಏನಿದೆ ಅಂತ ಸಾಕ್ಷಿಗಳು ಓದಬೇಕಿಲ್ಲ, ನೀವು ಸಹಿ ಹಾಕಿದ್ದಕ್ಕೆ ಅವರು ಸಾಕ್ಷಿ. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ನಿಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿ, ಮುಂದೆ ತಕರಾರು ಬಂದರೆ ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ನೋಂದಣಿ ಕಡ್ಡಾಯ ಅಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸುವುದು ಒಳ್ಳೆಯದು. ವಯಸ್ಸಾದವರು ಅದೇ ದಿನದ ಡಾಕ್ಟರ್ ಸರ್ಟಿಫಿಕೇಟು ಜೊತೆಗಿಡಲಿ. ಚಿಕ್ಕ ಮಕ್ಕಳಿದ್ದರೆ ಪಾಲಕರು ಯಾರು ಅಂತ ಬರೆಯುವ ಮೊದಲು ಆ ಪಾಲಕರನ್ನು ಕೇಳಿ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೂ ಇದೇ ಕಾನೂನಾ?

ಅಲ್ಲ. ಮುಸ್ಲಿಮರು ಸಾಲ ಮತ್ತು ಅಂತ್ಯಸಂಸ್ಕಾರದ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ವಸಿಯತ್, ಅಂದರೆ ಉಯಿಲು ಮಾಡಬಹುದು. ಅದಕ್ಕಿಂತ ಜಾಸ್ತಿಗೆ ವಾರಸುದಾರರ ಒಪ್ಪಿಗೆ ಬೇಕು. ಹಾಗಾಗಿ ಅಲ್ಲಿ ಮನೆಯವರ ಜೊತೆ ಮಾತಿಗೆ ಇನ್ನೂ ಬೆಲೆ ಇದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಾದ ಕೂಡಲೇ ರದ್ದಾಗುತ್ತದೆ ಅನ್ನುವುದನ್ನು ಅವರು ಮರೆಯಬಾರದು. ಕರಾವಳಿಯಲ್ಲಿ ತಾಯಿಯ ಕಡೆಯಿಂದ ಆಸ್ತಿ ನಡೆದುಬರುವ ಅಳಿಯಕಟ್ಟಿನ ಕುಟುಂಬಗಳು ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ ಪಾಲಿನ ಬಗ್ಗೆ ಅಲ್ಲಿಯ ಪದ್ಧತಿ ಬಲ್ಲ ವಕೀಲರನ್ನೇ ಹುಡುಕಲಿ.

ನಾವು ಮಕ್ಕಳು. ಅಪ್ಪನ ಹತ್ತಿರ ಈ ಮಾತು ಎತ್ತಿದರೆ "ಆಸ್ತಿ ಮೇಲೆ ಕಣ್ಣು" ಅಂದುಕೊಳ್ಳಲ್ವಾ?

"ನಂಗೆ ಏನು ಕೊಡ್ತೀರಿ" ಅಂತ ಕೇಳಿದರೆ ಹಾಗೇ ಅಂದುಕೊಳ್ಳುತ್ತಾರೆ. "ನಿಮಗೇನು ಇಷ್ಟ" ಅಂತ ಕೇಳಿ. ಅದಕ್ಕಿಂತ ಒಳ್ಳೆಯದು, ಮೊದಲು ನಿಮ್ಮ ಉಯಿಲು ನೀವು ಬರೆಯಿರಿ. ನನ್ನ ಮಗಳು ಹಾಗೇ ಮಾಡಿದಳು. 34 ವರ್ಷ ಅವಳಿಗೆ. "ಅಮ್ಮಾ, ನಾನು ವಿಲ್ ಮಾಡಿಸ್ದೆ, ಪಾಪುನ ನೋಡ್ಕೊಳ್ಳೋಕೆ ಅಣ್ಣನ ಹೆಸರು ಹಾಕಿದ್ದೀನಿ" ಅಂತ ಫೋನ್ ಮಾಡಿದಳು. ನನಗೆ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ನಮ್ಮ ಫೈಲು ತೆಗೆದು ಕೂತೆವು. ಅಲ್ಲಿಯವರೆಗೆ ನಮ್ಮದೂ ಆಗಿರಲಿಲ್ಲ.

ಅಣ್ಣತಮ್ಮ, ಅಕ್ಕತಂಗಿಯರಿಗೆ ಹೇಳದೆ ಒಬ್ಬರೇ ಹೋಗಿ ಕೇಳಬೇಡಿ.

ಮಕ್ಕಳು ವಿದೇಶದಲ್ಲಿದ್ದಾರೆ. ಅವರಿಗೆ ಊರಿನ ಜಮೀನು ಬರೆಯಬಹುದಾ?

ಬರೆಯಬಹುದು. ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಂಡುಕೊಳ್ಳುವಂತಿಲ್ಲ, ಆದರೆ ವಾರಸಾಗಿ ಪಡೆಯಬಹುದು. ಇಲ್ಲಿ ವಾರಸು ತೆರಿಗೆ ಇಲ್ಲ, ಎಸ್ಟೇಟ್ ಡ್ಯೂಟಿ ಅಂತ ಇದ್ದ ಅಂಥ ತೆರಿಗೆ 1985ರಲ್ಲೇ ಹೋಯಿತು. ಅವರಿರುವ ದೇಶದ ತೆರಿಗೆ ಲೆಕ್ಕ ಅವರು ಅಲ್ಲಿಯೇ ಕೇಳಿಕೊಳ್ಳಲಿ.

ಅದಕ್ಕಿಂತ ಮೊದಲು ಕೇಳಬೇಕಾದ ಮಾತು: ನಿಂಗೆ ಇದು ಬೇಕಾ? ತೋಟ ನೋಡಿಕೊಳ್ಳಲು ಬರುವ ಆಸೆ ಇಲ್ಲದ ಮಗನಿಗೆ ತೋಟ ಹೊರೆ. ಹಾಗಂತ ಅವನನ್ನು ಕೇಳದೆ ಮಾರಿದರೆ, ದೂರ ಇದ್ದೆ ಅಂತ ಹೀಗೆ ಮಾಡಿದರು ಅನ್ನುತ್ತಾನೆ. ವಿಡಿಯೋ ಕಾಲ್ ಮಾಡಿ, ಅವನನ್ನೂ ಆ ಮಧ್ಯಾಹ್ನದ ಮಾತಿಗೆ ಸೇರಿಸಿ.

ನಮಗೊಬ್ಬ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗನಿದ್ದಾನೆ. ನಮ್ಮ ನಂತರ ಅವನ ಗತಿ?

ಈ ಪ್ರಶ್ನೆ ಕೇಳುವಾಗ ತಾಯಂದಿರ ದನಿ ತಗ್ಗುತ್ತದೆ. ಬರೀ ಅವನ ಹೆಸರಿಗೆ ಆಸ್ತಿ ಬರೆದರೆ ಅವನು ಅದನ್ನು ನಡೆಸಲಾರ. ಅವನ ಹೆಸರಿನಲ್ಲಿ ಟ್ರಸ್ಟ್ ಮಾಡಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕರನ್ನು ನೇಮಿಸಿಕೊಳ್ಳಬಹುದು. ಅದನ್ನು ಮಾಡುವುದು ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಸಮಿತಿ.

ಉಳಿದ ಮಕ್ಕಳ ಜೊತೆ ಬಿಚ್ಚು ಮನಸ್ಸಿನಿಂದ ಮಾತಾಡಿ. "ನೀನೇ ನೋಡ್ಕೋಬೇಕು" ಅಂತ ಆಣೆ ಹಾಕಿಸಿಕೊಳ್ಳಬೇಡಿ. ಯಾರಿಗೆ ಎಷ್ಟು ಆಗುತ್ತದೆ ಅಂತ ಕೇಳಿ. ಅವನು ಮಲಗುವಾಗ ಯಾವ ಹಾಡು ಬೇಕು, ಸಾರಿನಲ್ಲಿ ಏನು ಹಾಕಿದರೆ ಉಣ್ಣುವುದಿಲ್ಲ, ಇವನ್ನೂ ಬರೆದಿಡಿ.

ಒಡವೆ, ದೇವರ ಸಾಮಾನು ಇವನ್ನೂ ಬರೆಯಬೇಕಾ? ಸಣ್ಣ ವಿಷಯ ಅಲ್ವಾ?

ಸೈಟಿಗೆ ಜಗಳ ಆಡದ ಅಕ್ಕತಂಗಿಯರು ಅಮ್ಮನ ಅವಲಕ್ಕಿ ಸರಕ್ಕೆ ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಸರದ ಬೆಲೆ ಅಲ್ಲಿ ವಿಷಯವೇ ಅಲ್ಲ. ಅದು ಅಮ್ಮನ ಕತ್ತಿನಲ್ಲಿ ಇದ್ದದ್ದು.

ನಮ್ಮ ಅತ್ತೆ, ಅಂದರೆ ಯಜಮಾನರ ತಾಯಿ, ಬದುಕಿದ್ದಾಗಲೇ ಒಂದು ದಿನ ಎಲ್ಲ ಒಡವೆ ಚಾಪೆ ಮೇಲೆ ಹರಡಿದರು. "ಯಾರಿಗೆ ಯಾವುದು ಇಷ್ಟ ಹೇಳ್ರೇ" ಅಂದರು. ನನ್ನ ನಾದಿನಿ ಬಂಗಾರ ಕೇಳಲಿಲ್ಲ. ದೇವರ ಮನೆಯ ಹಿತ್ತಾಳೆ ಗಂಟೆ ಕೇಳಿದಳು, ನಾಲಗೆ ಸವೆದದ್ದು. ಅದು ಅವಳಿಗೆ ಬೇಕಿತ್ತು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆಯೂ ಮಾತಾಡಬೇಕಾ?

ಹೌದು. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಕೋ ಬೇಡವೋ ಅನ್ನುವುದನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಅವಕಾಶ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಐಸಿಯು ಬಾಗಿಲಲ್ಲಿ ನಿಂತು ಮಕ್ಕಳು ಈ ತೀರ್ಮಾನ ಮಾಡುವ ಹಾಗಾಗಬಾರದು.

ಮಾತೆಲ್ಲ ಆಯಿತು. ಕಾಗದ ಎಲ್ಲಿ ಇಡಲಿ?

ಉಯಿಲನ್ನು ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ನೀವು ಹೋದ ಮೇಲೆ ಲಾಕರ್ ತೆಗೆಯಲು ಕಾಗದ ಬೇಕು, ಆ ಕಾಗದವೇ ಲಾಕರ್ ಒಳಗಿರುತ್ತದೆ. ಮನೆಯಲ್ಲಿ ಒಂದು ಪ್ರತಿ, ನಂಬಿಕಸ್ಥರ ಹತ್ತಿರ ಒಂದು ಪ್ರತಿ ಇರಲಿ.

ಜೊತೆಗೊಂದು ನೋಟ್‌ಬುಕ್ಕು ಮಾಡಿ. ಬ್ಯಾಂಕ್ ಖಾತೆ, ಎಫ್‌ಡಿ, ಪಾಲಿಸಿ, ಡಿಮ್ಯಾಟ್, ಪಹಣಿ, ಖಾತಾ, ಕ್ರಯಪತ್ರ, ಕೊಟ್ಟ ಸಾಲ, ತೆಗೆದುಕೊಂಡ ಸಾಲ, ಚೀಟಿ, ಎಲ್ಲವೂ ಅದರಲ್ಲಿರಲಿ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಂಥದ್ದನ್ನು ಹುಡುಕಲು 2023ರಿಂದ ಉದ್ಗಮ್ ಅನ್ನುವ ಜಾಲತಾಣ ಇದೆ, ಅಪ್ಪ ಅಮ್ಮನ ಹೆಸರು ಹಾಕಿ ಒಮ್ಮೆ ನೋಡಿ.

ನಮ್ಮ ನೋಟ್‌ಬುಕ್ಕು ಬೀರುವಿನ ಎರಡನೇ ಅರೆಯಲ್ಲಿದೆ, ರೇಷನ್ ಕಾರ್ಡಿನ ಪಕ್ಕ. ವರ್ಷಕ್ಕೊಮ್ಮೆ ಗಣಪತಿ ಬಿಟ್ಟ ಮಾರನೆಯ ದಿನ ತೆಗೆದು ತಿದ್ದುತ್ತೇವೆ. ಹೋದ ಸಲ ಮೊಮ್ಮಗಳು ಅದರ ರಟ್ಟಿನ ಮೇಲೆ ಹೂವಿನ ಚಿತ್ರ ಬರೆದಳು. ಈಗ ಬೀರು ತೆಗೆದ ಕೂಡಲೇ ಅದೇ ಮೊದಲು ಕಾಣುತ್ತದೆ.